ಪಾಚಿ ಬೆಳೆಯಲು ಜಾಗ ಬೇಕಾ? ಮೊದಲು ನೀರಿನ ಬಾಟ್ಲಿ ಹಿಡಿದು ಹೊರಡಿ

ಮಾರ್ಚ್ ತಿಂಗಳಲ್ಲಿ ಸಿಂಧನೂರು, ಮಾನ್ವಿ ಕಡೆ ಕಾಲುವೆ ಕೆಳಗಿನ ಹೊಲಗಳಲ್ಲಿ ಒಮ್ಮೆ ನಡೆದು ನೋಡಿ. ಅಲ್ಲಲ್ಲಿ ಉಪ್ಪು ಚೆಲ್ಲಿದ ಹಾಗೆ ನೆಲ ಬೆಳ್ಳಗಿರುತ್ತದೆ. ಕಾಲಿಟ್ಟರೆ ಮೇಲಿನ ಪೊರೆ ಚರಕ್ ಎಂದು ಒಡೆಯುತ್ತದೆ. ಇದೇ ಸವಳು. ವರ್ಷಾನುಗಟ್ಟಲೆ ನೀರು ನಿಲ್ಲಿಸಿದ್ದಕ್ಕೆ ಕೆಳಗಿದ್ದ ಉಪ್ಪು ಮೇಲೆ ಬಂದಿದೆ. ಇಂಥ ಹೊಲದಲ್ಲಿ ಭತ್ತ ಏಳುವುದಿಲ್ಲ, ಜೋಳವೂ ಏಳುವುದಿಲ್ಲ. ಆದರೆ ಇದೇ ನೆಲದ ಮೇಲೆ ತೊಟ್ಟಿ ಕಟ್ಟಿ ಸ್ಪಿರುಲಿನಾ ಎಂಬ ತಿನ್ನುವ ಪಾಚಿ ಬೆಳೆಯಬಹುದು. ಆ ಪಾಚಿಗೆ ಮಣ್ಣಿನ ಫಲವತ್ತತೆ ಬೇಕಿಲ್ಲ. ಹಾಗಾಗಿ ನನ್ನ ಮೊದಲ ಮಾತು ಇಷ್ಟೇ: ಪಾಚಿಗಾಗಿ ಒಳ್ಳೆಯ ಗದ್ದೆ ಕೆಡಿಸಬೇಡಿ.

ಸ್ಪಿರುಲಿನಾಕ್ಕೆ ಬೇಕಾದದ್ದು ಬಿಸಿಲು, 30ರಿಂದ 35 ಡಿಗ್ರಿ ಬೆಚ್ಚಗಿನ ನೀರು ಮತ್ತು ಕ್ಷಾರ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9ರಿಂದ 10.5ರವರೆಗೆ ಇರಬೇಕು. ಅಷ್ಟು ಕ್ಷಾರದಲ್ಲಿ ಬೇರೆ ಪಾಚಿಗಳು ಸುಲಭವಾಗಿ ಬದುಕುವುದಿಲ್ಲ, ಅದೇ ಇದಕ್ಕೆ ಕಾವಲು. ಕೃಷ್ಣೆ, ತುಂಗಭದ್ರೆ ನಡುವಿನ ನಮ್ಮ ಎಡೆದೊರೆ ನಾಡಿನಲ್ಲಿ ಬಿಸಿಲಿಗೇನೂ ಬರವಿಲ್ಲ, ಅಲ್ವಾ? ಅದಕ್ಕೇ ಎಲ್ಲಿ ಹಾಕಿದರೂ ಬರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಜಾಗ ನೋಡುವುದಕ್ಕೂ ಒಂದು ಕ್ರಮ ಇದೆ.

ಮೊದಲು ನೀರು

ಜಮೀನಿನ ಬೆಲೆ ಕೇಳುವ ಮುಂಚೆ ಬೋರ್ ನೀರು ತೆಗೆದುಕೊಳ್ಳಿ. ಮೋಟರ್ ಹಾಕಿ ಹತ್ತು ನಿಮಿಷ ಸುಮ್ನೆ ಹರಿಯಲು ಬಿಡಿ. ಆಮೇಲೆ ಅದೇ ನೀರಿನಲ್ಲಿ ಬಾಟ್ಲಿಯನ್ನು ಮೂರು ಸಲ ತೊಳೆದು ತುಂಬಿ. ಲ್ಯಾಬಿನಲ್ಲಿ ಪಿಎಚ್, ಟಿಡಿಎಸ್ (ಕರಗಿದ ಲವಣ), ಗಡಸುತನ, ಫ್ಲೋರೈಡ್, ಆರ್ಸೆನಿಕ್, ಸೀಸ ಇಷ್ಟನ್ನೂ ಕೇಳಿ ಮಾಡಿಸಿ. ಕೇಳದಿದ್ದರೆ ಮೊದಲ ಮೂರನ್ನು ಮಾತ್ರ ನೋಡಿ ಕಳಿಸುವುದೂ ಉಂಟು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಇದೆ. ಹಟ್ಟಿಯ ಚಿನ್ನದ ಗಣಿ ಸುತ್ತಮುತ್ತ ಆರ್ಸೆನಿಕ್ ಕೂಡ ಕಂಡಿದೆ. ಪಾಚಿ ಆರ್ಸೆನಿಕ್, ಸೀಸದಂಥ ವಿಷಗಳನ್ನು ನೀರಿನಿಂದ ಹೀರಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಅದನ್ನು ಒಣಗಿಸಿ ಪುಡಿ ಮಾಡಿ ಮಕ್ಕಳಿಗೆ ಪೌಷ್ಟಿಕ ಎಂದು ಕೊಡುವವರು ನಾವು. ಕುಡಿಯುವ ನೀರಿಗೆ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದಕ್ಕಿಂತ ಜಾಸ್ತಿ ಬಂದರೆ ಆ ಜಾಗ ಬಿಟ್ಟುಬಿಡಿ. ನೆಲ ಎಷ್ಟೇ ಅಗ್ಗ ಇರಲಿ.

ಗಡಸುತನ ತಿಳಿಯಲು ಮನೆಯ ಹಂಡೆಯೊಳಗೆ ಇಣುಕಿದರೂ ಸಾಕು. ಬಿಳಿ ಪೊರೆ ಗಟ್ಟಿಯಾಗಿ ಕೂತಿದ್ದರೆ ಅದು ಸುಣ್ಣದ ಅಂಶ. ಕ್ಷಾರದ ತೊಟ್ಟಿಗೆ ಈ ನೀರು ಹೋದರೆ ಸುಣ್ಣ ತಳಕ್ಕೆ ಇಳಿಯುತ್ತದೆ. ನೀವು ದುಡ್ಡು ಕೊಟ್ಟು ಹಾಕಿದ ರಂಜಕವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಸೋಡಾ ಅಂಶದ ಚೌಳು ನೀರಾದರೆ ಮಾತು ಬೇರೆ. ಹೊಲಕ್ಕೆ ಶತ್ರುವಾದ ಆ ನೀರು ಈ ಪಾಚಿಗೆ ಹಿಡಿಸುತ್ತದೆ.

ಇನ್ನು ಲೆಕ್ಕ. 10 ಗುಂಟೆ ಎಂದರೆ ಸುಮಾರು 1000 ಚದರ ಮೀಟರ್. ಅಷ್ಟು ಅಗಲದ ಕೊಳದಲ್ಲಿ 20 ಸೆಂಟಿಮೀಟರ್ ನೀರು ನಿಲ್ಲಿಸಿದರೆ 2 ಲಕ್ಷ ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ಆವಿಯಾಯಿತು ಅನ್ನಿ. 8 ಸಾವಿರ ಲೀಟರ್ ಹೋಯಿತು, ಹೆಚ್ಚುಕಡಿಮೆ ಎರಡು ಟ್ರ್ಯಾಕ್ಟರ್ ಟ್ಯಾಂಕರ್. ಇದು ಒಂದು ದಿನದ್ದು ಮಾತ್ರ. ಆವಿಯಾಗುವುದು ನೀರು, ಉಪ್ಪಲ್ಲ. ಲೀಟರಿಗೆ 1 ಗ್ರಾಂ ಉಪ್ಪಿರುವ ಬೋರ್ ನೀರು ತುಂಬಿಸುತ್ತ ಹೋದರೆ ದಿನಕ್ಕೆ 8 ಕೆಜಿ ಉಪ್ಪು ಕೊಳದಲ್ಲಿ ಉಳಿಯುತ್ತದೆ. 25 ದಿನಕ್ಕೆ 200 ಕೆಜಿ. ಹಾಗಾಗಿ ಶುರುವಿನಲ್ಲಿ ತುಂಬುವ ನೀರು ಸ್ವಲ್ಪ ಚೌಳಾಗಿದ್ದರೂ ನಡೆದೀತು, ದಿನವೂ ಸೇರಿಸುವ ನೀರು ಮಾತ್ರ ಸಿಹಿಯಾಗಿರಬೇಕು. ಪಕ್ಕದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಜಾಗ ಇದೆಯಾ ನೋಡಿ. ಮಳೆ ನೀರಿನಷ್ಟು ಒಳ್ಳೆಯದು ಇದಕ್ಕೆ ಬೇರೆ ಇಲ್ಲ.

ಕಾಲುವೆ ಇದೆಯಲ್ಲ ಅನ್ನುತ್ತೀರಾ? ಹೂಳು ತುಂಬಿ ತುಂಗಭದ್ರಾ ಜಲಾಶಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ನಾವೆಲ್ಲ ಹೇಗೆ ಕಂಗಾಲಾದೆವು ನೆನಪಿದೆಯಲ್ಲ. ಕಾಲುವೆ ನಿಲ್ಲುವುದೂ ಬೇಸಿಗೆಯಲ್ಲೇ, ಕೊಳಕ್ಕೆ ನೀರು ಜಾಸ್ತಿ ಬೇಕಾಗುವುದೂ ಬೇಸಿಗೆಯಲ್ಲೇ. ಅದನ್ನೇ ನಂಬಿ ಕೂರಬೇಡಿ. ಇನ್ನೊಂದು ಮಾತು: ಕೆಲವು ವರ್ಷ ಡ್ಯಾಂ ನೀರು ತಾನೇ ಹಸಿರಾಗುತ್ತದೆ. ಅಲ್ಲಿ ಪಾಚಿ ಚೆನ್ನಾಗಿ ಬರುತ್ತದೆ ಎಂಬ ಗುರುತು ಅದಲ್ಲ. ಹಾಗೆ ಬೆಳೆಯುವ ನೀಲಿಹಸಿರು ಪಾಚಿಗಳಲ್ಲಿ ವಿಷ ಬಿಡುವ ಜಾತಿಗಳೂ ಇರುತ್ತವೆ.

ಆಮೇಲೆ ನೆಲ

ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಏಪ್ರಿಲ್ ಹೊತ್ತಿಗೆ ಬಿರುಕಿನೊಳಗೆ ಕೈ ಹಾಕಿದರೆ ಮೊಣಕೈವರೆಗೂ ಹೋಗುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬುತ್ತದೆ. ಇದರ ಮೇಲೆ ನೇರವಾಗಿ ಕಟ್ಟಿದ ಸಿಮೆಂಟ್ ತೊಟ್ಟಿ ಬಾಯಿ ಬಿಡದೆ ಇರುವುದು ಕಷ್ಟ. ಒಮ್ಮೆ ಸೋರಿತೆಂದರೆ ನೀರಿನ ಜೊತೆ ಕ್ಷಾರಕ್ಕೆಂದು ಹಾಕಿದ ಸೋಡಾವೂ ಹೋಯಿತು. ಲೀಟರಿಗೆ 8 ಗ್ರಾಂ ಎಂದು ಹಿಡಿದರೂ 2 ಲಕ್ಷ ಲೀಟರಿಗೆ 1,600 ಕೆಜಿ ಸೋಡಾ ಬೇಕು. ಆದ್ದರಿಂದ ಕೊಪ್ಪಳ, ಬಳ್ಳಾರಿ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲ ಸಿಕ್ಕರೆ ಅದೇ ಮೇಲು. ಎರೆಯೇ ಗತಿ ಅನ್ನುವುದಾದರೆ ಮೇಲಿನ ಮಣ್ಣು ತೆಗೆದು, ಗರಸು ಹಾಕಿ, ರೋಲರ್ ಹೊಡೆದು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಸವಳು ನೆಲದಲ್ಲಿ ಅಡಿಯ ನೀರು ಎಷ್ಟು ಮೇಲಿದೆ ಎಂದು ಮಳೆಗಾಲದಲ್ಲಿ ಗುಂಡಿ ತೋಡಿ ನೋಡಿ. ಎರಡು ಮೂರು ಅಡಿಗೇ ನೀರು ಸಿಕ್ಕರೆ ತೊಟ್ಟಿಯನ್ನು ನೆಲದ ಮೇಲೆ ಎತ್ತಿ ಕಟ್ಟಬೇಕು, ಅಗೆದು ಇಳಿಸಬಾರದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ಮಣ್ಣಿನ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಒಮ್ಮೆ ಹೋಗಿ ಮಾತಾಡಿ. ಹೊಳೆ ದಂಡೆಯ ಜಾಗವಾದರೆ 2009ರ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಊರಿನ ಹಿರಿಯರನ್ನು ಕೇಳಿ.

ಅಕ್ಕಪಕ್ಕ ಯಾರಿದ್ದಾರೆ?

ಇದನ್ನು ನಾನು ಕಲಿತದ್ದು ನಷ್ಟ ಅನುಭವಿಸಿ. ಕಾಲುವೆ ಪಕ್ಕ ಹತ್ತು ಅಡಿಯ ಒಂದು ತೊಟ್ಟಿ ಇಟ್ಟಿದ್ದೆ. ಕಡು ಹಸಿರಾಗಿ ತುಂಬಿಕೊಂಡಿತ್ತು. ಒಂದು ಸಂಜೆ ಪಕ್ಕದ ಗದ್ದೆಯಲ್ಲಿ ಕಳೆನಾಶಕ ಹೊಡೆದರು, ಗಾಳಿ ನಮ್ಮ ಕಡೆಗಿತ್ತು. ಮೂರನೇ ದಿನಕ್ಕೆ ಪಾಚಿ ಹಳದಿಯಾಗಿ ಚೂರುಚೂರಾಗಿ ತೇಲಿತು. ಕಳೆ ಕೊಲ್ಲುವ ಔಷಧಿ ಪಾಚಿಯನ್ನು ಬಿಡುತ್ತದೆಯೇ? ಹೊಡೆದವರದ್ದು ತಪ್ಪಲ್ಲ, ಅದು ಅವರ ಹೊಲ. ಜಾಗ ಆರಿಸಿದ್ದು ನಾನು. ಭತ್ತದ ಬಯಲಿನ ನಡುವೆ ತೆರೆದ ಕೊಳ ಬೇಡವೇ ಬೇಡ.

ದೊಡ್ಡ ಕಾರ್ಖಾನೆಗಳಿರುವ ಗಿಣಿಗೇರಾ, ಕುಡತಿನಿ, ಶಕ್ತಿನಗರ ಕಡೆ ಇನ್ನೊಂದು ಆಸೆ ಕಾಡುತ್ತದೆ. ಒಂದು ಕೆಜಿ ಒಣ ಪಾಚಿಗೆ ಸುಮಾರು 1.8 ಕೆಜಿ ಇಂಗಾಲದ ಡೈಆಕ್ಸೈಡ್ ಬೇಕು, ಚಿಮಣಿ ಹೊಗೆಯಲ್ಲಿ ಅದು ಪುಕ್ಕಟೆ ಇದೆಯಲ್ಲ ಎಂದು. ಇಂಧನಕ್ಕೆ ಬೆಳೆಯುವ ಪಾಚಿಯಾದರೆ ಯೋಚಿಸಬಹುದು. ತಿನ್ನುವ ಪಾಚಿಗೆ ಬೇಡ. ಕಲ್ಲಿದ್ದಲ ಹೊಗೆಯಲ್ಲಿ ಪಾದರಸದಂಥವೂ ಇರುತ್ತವೆ. ನೋಡಿದ ಜಾಗದಲ್ಲಿ ಒಂದು ಸ್ಟೀಲ್ ತಾಟಿಗೆ ತೆಳ್ಳಗೆ ಎಣ್ಣೆ ಸವರಿ ಒಂದು ದಿನ ಬಿಸಿಲಲ್ಲಿಡಿ. ಸಂಜೆ ಬೆರಳಿನಿಂದ ಒರೆಸಿ. ಬೆರಳು ಕಪ್ಪಾದರೆ ನಿಮಗೇ ಗೊತ್ತಾಗುತ್ತದೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ, ಚಳಿಯಲ್ಲಿ ಮೂಡಣದಿಂದ. ಕಾರ್ಖಾನೆಯ ಪೂರ್ವಕ್ಕಿದ್ದರೂ ಪಶ್ಚಿಮಕ್ಕಿದ್ದರೂ ಒಂದಲ್ಲ ಒಂದು ಕಾಲದಲ್ಲಿ ದೂಳು ಬರುವುದು ಖಂಡಿತ.

ಕರೆಂಟ್ ವಿಚಾರ ಚಿಕ್ಕದು. ನೀರು ಕಲಕುವ ಚಕ್ರ ಹಗಲೆಲ್ಲ ತಿರುಗಬೇಕು, ಪಂಪ್‌ಸೆಟ್ ಲೈನಿನ ಕೆಲವೇ ತಾಸಿನ ಕರೆಂಟ್ ಸಾಲದು. ಹಸಿ ಪಾಚಿ ನಮ್ಮ ಸೆಕೆಯಲ್ಲಿ ಬೇಗ ನಾರುತ್ತದೆ, ಅದೇ ದಿನ ಒಣಗಿಸಬೇಕು. ಒಣಗಿಸುವ ಕೋಣೆಯೂ ಅದೇ ಜಾಗದಲ್ಲಿ ಹಿಡಿಸಲಿ. ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಬೇಕು. ಭೂ ಪರಿವರ್ತನೆ ಬೇಕಾ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಬರಹದಲ್ಲೇ ಉತ್ತರ ಪಡೆಯಿರಿ.

ಕೊನೆಗೆ, ಮುಂಗಡ ಕೊಡುವ ಮೊದಲು

ಮಾಲೀಕರನ್ನು ಕೇಳಿ ಆ ಜಾಗದಲ್ಲೇ ಎರಡು ಸಣ್ಣ ತೊಟ್ಟಿ ಇಡಿ. ಒಂದಕ್ಕೆ ನೆರಳು ಪರದೆ, ಇನ್ನೊಂದು ಬಯಲಿಗೆ. ಅಲ್ಲಿಯದೇ ನೀರು ಹಾಕಿ. ಏಪ್ರಿಲ್-ಮೇನಲ್ಲಿ 40 ದಿನ, ಡಿಸೆಂಬರಿನಲ್ಲಿ 20 ದಿನ ನಡೆಸಿ. ಬೆಳಗ್ಗೆ 6ಕ್ಕೆ, ಮಧ್ಯಾಹ್ನ 3ಕ್ಕೆ ನೀರಿನ ಬಿಸಿ ಎಷ್ಟೆಂದು ನೋಡಿ ಬರೆದಿಡಿ. ಮಧ್ಯಾಹ್ನ 38 ಡಿಗ್ರಿ ದಾಟುತ್ತಿದ್ದರೆ ಪರದೆಯ ಖರ್ಚು ಸೇರಿಸಿಕೊಳ್ಳಿ. ಚಳಿಗಾಲದ ಬೆಳಗ್ಗೆ 20ಕ್ಕಿಂತ ಕೆಳಗಿದ್ದರೆ ರಾತ್ರಿ ಮುಚ್ಚುವ ಹಾಳೆಯ ಖರ್ಚೂ ಸೇರಲಿ. ಎರಡನ್ನೂ ಕೂಡಿಸಿದ ಮೇಲೂ ಲೆಕ್ಕ ಸರಿ ಕಂಡರೆ ಆಗ ಮಾಲೀಕರ ಜೊತೆ ಬೆಲೆ ಮಾತಾಡಿ.