ಎನ್.ಜಿ. ರಂಗಾ ಅವರ ರಾಜಕೀಯ ಬದುಕನ್ನು ಜೋಡಿಸಿದ ಬಗೆ

ಆಂಧ್ರದ ರೈತ ನಾಯಕ, ಸಂಸದ ರಂಗಾ ಅವರ ಪರಿಚಯ ಲೇಖನಕ್ಕೆ ನಾನು ಮೊದಲು ಹಾಕಿಕೊಂಡಿದ್ದು ನಾಲ್ಕು ಕಾಲಂಗಳ ಪಟ್ಟಿ: ವರ್ಷ, ಪಕ್ಷ, ಸದನ, ಕ್ಷೇತ್ರ. 1951ರಲ್ಲಿ ಕೃಷಿಕಾರ್ ಲೋಕ್ ಪಕ್ಷ, 1957ರಲ್ಲಿ ತೆನಾಲಿಯಿಂದ ಕಾಂಗ್ರೆಸ್, 1959ರಲ್ಲಿ ಸ್ವತಂತ್ರ ಪಕ್ಷದ ಅಧ್ಯಕ್ಷಗಿರಿ, 1980ರಲ್ಲಿ ಗುಂಟೂರಿನಿಂದ ಮತ್ತೆ ಕಾಂಗ್ರೆಸ್. ಪಟ್ಟಿ ಇಲ್ಲದೆ ಹೊರಟರೆ ಎರಡನೇ ಪ್ಯಾರಾದಲ್ಲೇ ಎಡವುತ್ತೇವೆ.

1962ರ ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದವರ ನಡುವೆ ಅವರ ಹೆಸರಿಲ್ಲ, ಆದರೆ ಆ ಚುನಾವಣೆಯಿಂದ ರಚನೆಯಾದ ಮೂರನೇ ಲೋಕಸಭೆಯ ಸದಸ್ಯರ ಪಟ್ಟಿಯಲ್ಲಿ ಇದೆ. ಚಿತ್ತೂರಿನ ಅನಂತಶಯನಂ ಅಯ್ಯಂಗಾರ್ ಬಿಹಾರದ ರಾಜ್ಯಪಾಲರಾದಾಗ ತೆರವಾದ ಸೀಟನ್ನು ರಂಗಾ ಉಪಚುನಾವಣೆಯಲ್ಲಿ ಗೆದ್ದರು. ಹಾಗಾಗಿ ಚುನಾವಣಾ ವರದಿಯನ್ನೂ ಸದಸ್ಯರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಲೇಬೇಕು.

‘ರೈತ ಕುಟುಂಬ’ ಎಂದೊಡನೆ ಬಡತನದ ಚಿತ್ರ ಬೆರೆಸುವ ಚಟ ನಮ್ಮಲ್ಲಿದೆ. ಗುಂಟೂರು ಜಿಲ್ಲೆಯ ನಿಡುಬ್ರೋಲಿನ ಈ ರೈತನ ಮಗ ಓದಿದ್ದು ಆಕ್ಸ್‌ಫರ್ಡ್‌ನಲ್ಲಿ, ಅರ್ಥಶಾಸ್ತ್ರ ಕಲಿಸಿದ್ದು ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ.

ನಿಜಕ್ಕೂ ತಿಣುಕಾಡಿಸುವುದು ‘ಬಲಪಂಥೀಯ’ ಎಂಬ ಹಣೆಪಟ್ಟಿ. 1936ರಲ್ಲಿ ರೈತ ಸಂಘಟನೆಯಾದ ಕಿಸಾನ್ ಸಭಾ ಕಟ್ಟಿದವರಲ್ಲಿ ರಂಗಾ ಒಬ್ಬರು, ಜಮೀನ್ದಾರಿಯ ವಿರೋಧಿ. ಮುಂದೆ ಅವರ ಸ್ವತಂತ್ರ ಪಕ್ಷದಲ್ಲೇ ರಾಜರು, ಜಮೀನ್ದಾರರು. ವರ್ಷದ ಲೆಕ್ಕದಲ್ಲಿ ಬರೆದುಕೊಂಡು ಹೋದರೆ ಪಲ್ಟಿ ಹೊಡೆದಂತೆ ಕಾಣುತ್ತದೆ. ಆಗ ಐದನೇ ಕಾಲಂ ಸೇರಿಸಿದೆ: ಜಮೀನು ಯಾರ ಹೆಸರಲ್ಲಿ ಇರಬೇಕೆಂದರು? ಜಮೀನ್ದಾರನ ಎದುರು ಉಳುವವನ ಪರ. 1959ರ ಜನವರಿಯಲ್ಲಿ ಕಾಂಗ್ರೆಸ್ಸಿನ ನಾಗಪುರ ನಿರ್ಣಯ ಜಂಟಿ ಸಹಕಾರಿ ಬೇಸಾಯವನ್ನು ಗುರಿಯಾಗಿಸಿದಾಗ, ಅದೇ ರೈತನ ಪರ, ಈ ಸಲ ಸರ್ಕಾರದ ಎದುರು. ನಿರ್ಣಯದಲ್ಲಿ ಒಡೆತನ ರೈತನಿಗೇ ಉಳಿಯುತ್ತದೆ ಎಂದಿತ್ತು, ನಿಜ. ಹೊಲ ಒಟ್ಟುಗೂಡಿದ ಮೇಲೆ ಆ ಒಡೆತನ ಕಾಗದದ ಮೇಲಷ್ಟೇ ಎಂಬುದು ವಿರೋಧಿಗಳ ಭಯ.

1964ರ ಸಂವಿಧಾನದ 17ನೇ ತಿದ್ದುಪಡಿಯನ್ನು ಓದುವಾಗ, ಸರ್ಕಾರ ವಶಪಡಿಸಿಕೊಳ್ಳಬಹುದಾದ ಭೂಮಿಯನ್ನು ಸೂಚಿಸುವ ‘ಎಸ್ಟೇಟ್’ ಪದದ ವ್ಯಾಖ್ಯೆ ತಪ್ಪದೆ ನೋಡಿ. ಅದರೊಳಗೆ ರೈತವಾರಿ ಜಮೀನನ್ನೂ, ಅಂದರೆ ಜಮೀನ್ದಾರನ ನಡುವೆಯಿಲ್ಲದೆ ರೈತನೇ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ಜಮೀನನ್ನೂ ತಂದರು. ಗುಂಟೂರು ಸೀಮೆ ಬಹುಪಾಲು ರೈತವಾರಿ. ಈ ತಿದ್ದುಪಡಿಗೆ ರಂಗಾ ಅವರ ವಿರೋಧದ ಕಾವು ಇಲ್ಲಿಂದ ಅರ್ಥವಾಗುತ್ತದೆ. ಆದರೆ ಭೂ ಒಡೆತನದ ಮಿತಿಯೊಳಗಿನ ಸ್ವಂತ ಸಾಗುವಳಿ ಭೂಮಿಯನ್ನು ವಶಪಡಿಸಿಕೊಂಡರೆ ಮಾರುಕಟ್ಟೆ ದರ ಕೊಡಬೇಕೆಂಬ ಷರತ್ತೂ ಅದೇ ತಿದ್ದುಪಡಿಯಲ್ಲಿದೆ. ಅದನ್ನು ಬಿಟ್ಟರೆ ಲೇಖನ ಪಕ್ಷದ ಕರಪತ್ರವಾಗುತ್ತದೆ.

ಐದನೇ ಕಾಲಂಗೆ ಒಗ್ಗದ್ದು ಕಾಂಗ್ರೆಸ್ಸಿಗೆ ಮರಳಿದ್ದು. 1967ರಲ್ಲಿ 44 ಸೀಟು ಗೆದ್ದ ಸ್ವತಂತ್ರ ಪಕ್ಷ 1971ರಲ್ಲಿ 8ಕ್ಕೆ ಇಳಿಯಿತು, ರಂಗಾ ಅವರೂ ಸೋತರು. ಅಲ್ಲಿ ಆ ಕಾಲಂ ಅನ್ನು ಖಾಲಿ ಬಿಟ್ಟು, ಈ ಅಂಕಿಗಳನ್ನಷ್ಟೇ ಬರೆದಿದ್ದೇನೆ.