ಫಾಸ್ಫೇಟ್ ಬಿಟ್ಟ ಮೇಲೆ ಮೂಡಿದ ಹಸಿರು ಗೆರೆ

ಗರ್ಭ ಪರೀಕ್ಷೆಯ ಪಟ್ಟಿಯಂತೆ ಗೆರೆ ಮೂಡಿಸುವ ಚಿನ್ನದ ಕಣಗಳ ಪಟ್ಟಿ ಇರುವಾಗ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೀರಿ ಹಸಿರು ಸೂಸುವ ಹರಳುಗಳಿಗಾಗಿ ಯಟರ್ಬಿಯಂ, ಎರ್ಬಿಯಂ ಎಂಬ ಲೋಹಗಳ ಮೇಲೆ ದುಡ್ಡು ಸುರಿಯುವುದೇಕೆ ಎಂದು ನಮ್ಮ ಪ್ರಯೋಗಾಲಯದಲ್ಲಿ ಕೇಳದವರಿರಲಿಲ್ಲ. ರಕ್ತದ ತಿಳಿದ್ರವವಾದ ಸೀರಂನಲ್ಲಿ, ಹೃದಯಾಘಾತದ ಸುಳಿವು ಕೊಡುವ ಟ್ರೋಪೋನಿನ್ ಎಂಬ ಪ್ರೋಟೀನನ್ನು ಹುಡುಕುವ ನನ್ನ ಪಟ್ಟಿಯ ಮೇಲೆ ನಂಬಬಹುದಾದ ಗೆರೆ ಮೂಡಲು ಹದಿನಾಲ್ಕು ತಿಂಗಳು ಹಿಡಿದದ್ದರಿಂದ, ಅವರ ಅನುಮಾನದಲ್ಲಿ ಹುರುಳಿರಲಿಲ್ಲವೆಂದು ಹೇಳಲಾರೆ.

ಹರಳು ಬೆಳೆಸುವ ಹಂತದಲ್ಲಿ ಪೆಟ್ಟು ಬಿದ್ದದ್ದು ಎರಡೇ ಸಲ. ಮೆಥನಾಲ್ ಪೂರ್ತಿ ಹಾರುವ ಮುನ್ನವೇ ಶಾಖ ಏರಿಸಿದ್ದರಿಂದ ಫ್ಲಾಸ್ಕು ಉಕ್ಕಿ ಹೀಟಿಂಗ್ ಮ್ಯಾಂಟಲ್ ಕೆಟ್ಟಿತು. ಸುಮಾರು ಒಂಬತ್ತು ಸಾವಿರ ಹೋಯಿತು. ಮುಂದಿನ ಸಲ 300 ಡಿಗ್ರಿಯಲ್ಲಿ ಇಟ್ಟ ಹೊತ್ತು ಸಾಲದೆ, ಷಟ್ಕೋನ ರಚನೆಯ ಬದಲು ಮಂಕಾಗಿ ಬೆಳಗುವ ಘನ ರಚನೆಯ ಹರಳುಗಳೇ ಹೆಚ್ಚು ಉಳಿದವು. ಯಟರ್ಬಿಯಂ ಶೇ. 20, ಎರ್ಬಿಯಂ ಶೇ. 2 ಎಂಬ ಹಳೆಯ ಲೆಕ್ಕವನ್ನು ನಾನು ಮುಟ್ಟಲಿಲ್ಲ. ಆದರೆ ಈ ಲೋಹಗಳನ್ನು ಬೆರೆಸದ ಫ್ಲೋರೈಡಿನ ಕವಚವಿಲ್ಲದೆ ಈ ಹರಳುಗಳನ್ನು ನೀರಿಗಿಳಿಸಬಾರದೆಂಬುದನ್ನು ಮೂರು ಬ್ಯಾಚು ಕಳೆದುಕೊಂಡ ಮೇಲೆ ಒಪ್ಪಿದೆ.

ನಿಜವಾಗಿ ಸತಾಯಿಸಿದ್ದು ಟ್ರೋಪೋನಿನ್ನಿಗೆ ಅಂಟಿಕೊಳ್ಳುವ ಪ್ರತಿಕಾಯವನ್ನು ಹರಳಿಗೆ ಜೋಡಿಸಿದ ನಂತರದ ಹಂತ. ಹರಳುಗಳ ಮೇಲಿನ ಎಣ್ಣೆಯಂಥ ಓಲಿಯೇಟ್ ಹೊದಿಕೆಯನ್ನು ಆಮ್ಲದಲ್ಲಿ ಕಳಚಿ, ಪಾಲಿಅಕ್ರಿಲಿಕ್ ಆಮ್ಲ ಹೊದಿಸಿ, ಇಡಿಸಿ ಎಂಬ ಜೋಡಿಸುವ ರಾಸಾಯನಿಕ ಬಳಸಿ ಪ್ರತಿಕಾಯ ಕೂಡಿಸಿ, ಎಲ್ಲರಂತೆ ಫಾಸ್ಫೇಟ್ ಬಫರಿನಲ್ಲಿ (ಆಮ್ಲೀಯತೆಯನ್ನು ಸ್ಥಿರವಾಗಿಡುವ ದ್ರಾವಣ) ಇಡುತ್ತಿದ್ದೆ. ವಾರದೊಳಗೆ ಕಣಗಳು ಗಂಟುಕಟ್ಟಿ ತಳಕ್ಕಿಳಿದು ಹೊಳಪೂ ಇಳಿಯುತ್ತಿತ್ತು. ತಪ್ಪು ಪ್ರತಿಕಾಯದ್ದೆಂದು ನಲವತ್ತು ಸಾವಿರದಷ್ಟು ತೆತ್ತು ಹೊಸ ಸೀಸೆ ತರಿಸಿದೆ; ಅದೂ ಅದೇ ಹಾದಿ ಹಿಡಿಯಿತು. ಕೊನೆಗೆ, ಫಾಸ್ಫೇಟ್ ಬಫರ್ ಮುಗಿದಿದ್ದ ಒಂದು ದಿನ ಬೋರೇಟ್ ಬಫರಿನಲ್ಲಿ ತೊಳೆದು ಫ್ರಿಜ್ಜಿನಲ್ಲಿ ಮರೆತಿದ್ದ ಒಂದೇ ಒಂದು ಟ್ಯೂಬು ತಿಂಗಳ ಬಳಿಕವೂ ತಿಳಿಯಾಗಿಯೇ ಇದ್ದುದು ಕಣ್ಣಿಗೆ ಬಿತ್ತು. ಯಟರ್ಬಿಯಂ, ಎರ್ಬಿಯಂಗಳ ಬಳಗವಾದ ಲ್ಯಾಂಥನೈಡುಗಳು ಫಾಸ್ಫೇಟನ್ನು ಬಿಡದೆ ಹಿಡಿಯುತ್ತವೆಂದು ಬೇರೆಯವರಿಗೆ ಪಾಠ ಹೇಳಿದ್ದ ನನಗೆ ಅದು ಮೊದಲೇ ಹೊಳೆಯಬೇಕಿತ್ತು.

980 ನ್ಯಾನೋಮೀಟರಿನ ಅವಗೆಂಪು ಲೇಸರ್ ಬಿಟ್ಟಾಗ ಪಟ್ಟಿಯ ನೈಟ್ರೋಸೆಲ್ಯುಲೋಸ್ ಪೊರೆ ಕಪ್ಪಾಗಿಯೇ ಉಳಿದು ಗೆರೆಯೊಂದೇ ಹಸಿರಾಗಿ ಎದ್ದು ಕಾಣುತ್ತದೆ. ಮೊಬೈಲ್ ಕ್ಯಾಮೆರಾ ಸಾಕು. ಒದ್ದೆ ಪಟ್ಟಿಯ ಮೇಲೆ ಲೇಸರನ್ನು ನಿಲ್ಲಿಸಿದರೆ ನೀರು ಕಾದು ಪಟ್ಟಿ ಮುರುಟುತ್ತದೆ, ಆದ್ದರಿಂದ ಒಣಗಿಸಿಯೇ ಓದುತ್ತೇನೆ. ಚಿನ್ನದ ಗೆರೆ ಮಾಯವಾಗುವ ಸಾರತೆಯ ಹತ್ತನೇ ಒಂದು ಭಾಗದಲ್ಲೂ ನನ್ನ ಗೆರೆ ಸ್ಪಷ್ಟವಾಗಿತ್ತು. ಪ್ರತಿಕಾಯ ಕೂಡಿಸಿದ ಹರಳುಗಳನ್ನು ಒಣಗಿಸಿಡುವ ಕಾಂಜುಗೇಟ್ ಪ್ಯಾಡಿಗೆ ಸಕ್ಕರೆ, ಬಿಎಸ್‌ಎ ಎಂಬ ಪ್ರೋಟೀನಿನ ಜೊತೆ ಬೆರೆಸುವ ಮೂರನೆಯ ವಸ್ತುವನ್ನು ಸದ್ಯಕ್ಕೆ ಹೇಳುವುದಿಲ್ಲ.

ಹಿಮೋಗ್ಲೋಬಿನ್ ಹಸಿರನ್ನು ನುಂಗುವುದರಿಂದ ಇಡೀ ರಕ್ತಕ್ಕೆಂದು ಎರ್ಬಿಯಂ ಬದಲು ಥೂಲಿಯಂ ಹಾಕಿದ ಹರಳುಗಳನ್ನೂ ಮಾಡಿದೆ. ಅವುಗಳ 800 ನ್ಯಾನೋಮೀಟರಿನ ಬೆಳಕನ್ನು ಮೊಬೈಲಿನ ಅವಗೆಂಪು ಫಿಲ್ಟರೇ ತಡೆದುದರಿಂದ ಸಿಲಿಕಾನ್ ಡಿಟೆಕ್ಟರಿಗೆ ಮತ್ತೆ ಹಣ ಕೇಳಬೇಕಾಗಿದೆ. ಈ ನಡುವೆ ಯುಗಾದಿಗೆ ಮುಂಚೆ ಓಡಿಸಿದ್ದ ಎರ್ಬಿಯಂ ಪಟ್ಟಿಗಳನ್ನು ಮೊನ್ನೆ ಡ್ರಾಯರಿನಿಂದ ತೆಗೆದು ಓದಿದರೆ ಗೆರೆ ಹೆಚ್ಚುಕಡಿಮೆ ಅಂದಿನಷ್ಟೇ ಪ್ರಕಾಶವಾಗಿತ್ತು.