ಇಳಿಜಾರಿನ ಬೂದಿಗೆ ಟೇಪು ಹಿಡಿದ ಬಗೆ

ಅಮೆರಿಕದ ಉತ್ತರ ಐಡಾಹೋದ ಕಾಡಿನಲ್ಲಿ ಮಣ್ಣಿನ ಸರ್ವೆಗೆಂದು ನಾನು ಮೊದಲ ಗುಂಡಿ ತೋಡಿದ್ದು ಶೇ 55ರ ಇಳಿಜಾರಿನಲ್ಲಿ. ಕಾಲು ಊರಿದಲ್ಲಿ ನಿಲ್ಲದಂಥ ಜಾಗ. ಇಷ್ಟು ಕಡಿದಾದ ಕಡೆ ಕಲ್ಲಲ್ಲದೆ ಇನ್ನೇನು ಸಿಕ್ಕೀತು ಎಂದುಕೊಂಡು ಹಾರೆಯನ್ನೂ ಹೊತ್ತು ಹತ್ತಿದ್ದೆ. ಹಾರೆಗೆ ಕೆಲಸವೇ ಬೀಳಲಿಲ್ಲ. ಸಲಿಕೆ ಸರ್ರನೆ ಇಳಿಯಿತು, ಜರಡಿ ಹಿಡಿದ ಹಿಟ್ಟಿನಂಥ ಕಂದು ಮಣ್ಣು ಎದ್ದು ಬಂತು. ಮೊಣಕಾಲು ಮುಳುಗುವಷ್ಟು ಆಳದವರೆಗೆ ಹರಳುಕಲ್ಲುಗಳೇ ಇಲ್ಲವೆನ್ನಬೇಕು. ಅಲ್ಲಿಂದ ಕೆಳಗೆ, ಚಾಕುವಿನಲ್ಲಿ ಕೊಯ್ದ ಹಾಗೆ ಪದರ ಬದಲಾಗಿ ಒಡಕುಕಲ್ಲು ಶುರು. ನಾನು ಟಿಪ್ಪಣಿ ಪುಸ್ತಕದಲ್ಲಿ ‘ಗಾಳಿ ತಂದ ದೂಳುಮಣ್ಣು’ ಎಂದು ಧೈರ್ಯವಾಗಿ ಬರೆದೆ. ಜೊತೆಗಿದ್ದ ಹಿರಿಯ ಸರ್ವೇಯರ್ ಅದನ್ನು ನೋಡಿ ಏನೂ ಅನ್ನಲಿಲ್ಲ. ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ಒದ್ದೆ ಮಾಡಿ ನನ್ನ ಅಂಗೈಗಿಟ್ಟು, ಹೆಬ್ಬೆರಳಿನಿಂದ ಒತ್ತಲು ಹೇಳಿದರು.

ಮೊದಲು ಗಟ್ಟಿಯಾಗಿಯೇ ಇತ್ತು. ಒತ್ತುತ್ತಾ ಹೋದಂತೆ ಒಮ್ಮೆಲೇ ಸಡಿಲವಾಗಿ ಬೆರಳಡಿ ಜಾರಿತು, ನೀರು ಒಸರಿತು. ಕೈ ಬಿಟ್ಟ ಮೇಲೆ ಮತ್ತೆ ಬಿಗಿಯಿತು. ಸಾಧಾರಣ ದೂಳುಮಣ್ಣು ಹೀಗೆ ಮಾಡುವುದಿಲ್ಲ. ಗಾಳಿ ತಂದದ್ದು ಎಂಬುದೇನೋ ಸರಿಯೇ, ಆದರೆ ತಂದದ್ದು ಬೂದಿಯನ್ನು. ಸುಮಾರು 7,700 ವರ್ಷಗಳ ಹಿಂದೆ ಈಗಿನ ಓರೆಗಾನ್‌ನಲ್ಲಿದ್ದ ಮಝಾಮಾ ಪರ್ವತ ಸಿಡಿದು ತನ್ನೊಳಗೇ ಕುಸಿಯಿತು. ಆ ಕುಳಿಯಲ್ಲಿ ನೀರು ತುಂಬಿ ನಿಂತದ್ದೇ ಇಂದಿನ 594 ಮೀಟರ್ ಆಳದ ಕ್ರೇಟರ್ ಲೇಕ್. ಆಗ ಎದ್ದ ಬೂದಿ ಐಡಾಹೋ, ಮೊಂಟಾನಾ ದಾಟಿ ಕೆನಡಾದವರೆಗೆ ಹಾಸಿಕೊಂಡಿತು. 1980ರ ಮೇ 18ರಂದು ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗಲೂ ಈ ಭಾಗದಲ್ಲಿ ಬೂದಿ ಬಿದ್ದಿತ್ತು. ಅದು ಅಲ್ಲಲ್ಲಿ ತರಗೆಲೆಯ ಬುಡದಲ್ಲಿ ಒಂದು ತೆಳ್ಳನೆಯ ಬೂದುಗೆರೆಯಾಗಿ ಸಿಗುತ್ತದೆ, ಅಷ್ಟೆ. ಕಾಡನ್ನು ಸಾಕುತ್ತಿರುವುದು ಹಳೆಯ ಬೂದಿ.

ಬೆರಳನ್ನು ಎಷ್ಟು ನಂಬಬಹುದು? ಅರ್ಧದಷ್ಟು ಎನ್ನುತ್ತೇನೆ. ಉಳಿದರ್ಧಕ್ಕೆ ನನ್ನ ಚೀಲದಲ್ಲಿ ಸೋಡಿಯಂ ಫ್ಲೋರೈಡ್ ದ್ರಾವಣದ ಸೀಸೆ ಇರುತ್ತಿತ್ತು. ಕ್ಷಾರ ತಗುಲಿದರೆ ಬಣ್ಣ ಬದಲಿಸುವ ಫಿನಾಲ್ಫ್ತಲೀನ್ ಹೀರಿಸಿ ಒಣಗಿಸಿದ ಸೋಸುಕಾಗದದ ಮೇಲೆ ಚಿಟಿಕೆ ಮಣ್ಣಿಟ್ಟು ಎರಡು ಹನಿ ಬಿಟ್ಟರೆ, ಬೂದಿಮಣ್ಣಾದರೆ ಕಾಗದ ಗುಲಾಬಿಗೆ ತಿರುಗಿ ಕೆಂಪೇರುತ್ತದೆ. ಬೂದಿಯಲ್ಲಿರುವ ಜ್ವಾಲಾಮುಖಿ ಗಾಜು ಶಿಥಿಲವಾಗುತ್ತಾ ಅಲೋಫೇನ್‌ನಂಥ, ಹರಳುಗಟ್ಟದ ಖನಿಜಗಳಾಗುತ್ತದೆ. ಅವುಗಳ ಅಲ್ಯೂಮಿನಿಯಂ ಜೊತೆ ಫ್ಲೋರೈಡ್ ಸೇರಿಕೊಂಡು ಹೈಡ್ರಾಕ್ಸೈಡನ್ನು ಹೊರದೂಡುತ್ತದೆ, ಮಣ್ಣಿನ ಪಿಎಚ್ ಜಿಗಿಯುತ್ತದೆ. ಎರಡು ನಿಮಿಷದಲ್ಲಿ 9.4 ದಾಟಿದರೆ ಗುರುತು ಬಲವಾಯಿತು. ದ್ರಾವಣ ವಿಷ, ಕೈಗವಸು ಬೇಕು, ಅದೇ ಕೈಯಲ್ಲಿ ಬುತ್ತಿ ಬಿಚ್ಚಬಾರದು. ಇನ್ನೊಂದು ಎಚ್ಚರಿಕೆ: ಸುಣ್ಣವಿರುವ ಮಣ್ಣೂ ಕಾಗದವನ್ನು ಕೆಂಪಾಗಿಸುತ್ತದೆ, ಬೂದಿಯ ಸಂಬಂಧವೇ ಇಲ್ಲದ, ಅಲ್ಯೂಮಿನಿಯಂ ಮೇಲಿನಿಂದ ತೊಳೆದು ಕೆಳಗಿಳಿದಿರುವ ಪಾಡ್ಜೋಲ್ ಮಣ್ಣಿನ ಕೆಳಪದರವೂ ಕೆಂಪಾಗಿಸುತ್ತದೆ. ಕೆಂಪು ಕಂಡ ಕೂಡಲೇ ಬೂದಿ ಎಂದು ಬರೆಯುವ ಚಾಳಿಯನ್ನು ನಾನು ಎರಡು ವಾರದಲ್ಲಿ ಬಿಟ್ಟೆ. ಕೊನೆಯ ಮಾತು ಸೂಕ್ಷ್ಮದರ್ಶಕದ್ದು. ಧ್ರುವೀಕೃತ ಬೆಳಕಿನಲ್ಲಿ ಅಡ್ಡ ಫಿಲ್ಟರ್ ಹಾಕಿ ತಟ್ಟೆ ತಿರುಗಿಸಿದರೆ ಖನಿಜದ ಹರಳುಗಳು ಮಿನುಗಿ ಆರುತ್ತವೆ, ಗಾಜಿನ ಚೂರುಗಳು ಕಪ್ಪಾಗಿಯೇ ಕೂತಿರುತ್ತವೆ.

ನನ್ನನ್ನು ನಿಜವಾಗಿ ಕಾಡಿದ್ದು ಬೂದಿ ಹೌದೋ ಅಲ್ಲವೋ ಎಂಬುದಲ್ಲ, ಎಷ್ಟು ದಪ್ಪ ಎಂಬುದು. ಅಮೆರಿಕದ ಮಣ್ಣು ವರ್ಗೀಕರಣದಲ್ಲಿ ಸಾಮಾನ್ಯವಾಗಿ ಮೇಲಿನ 60 ಸೆಂಟಿಮೀಟರಿನಲ್ಲಿ 36 ಸೆಂಟಿಮೀಟರಿನಷ್ಟಾದರೂ ಬೂದಿಗುಣದ ಪದರವಿದ್ದರೆ ಅದು ಆಂಡಿಸಾಲ್, ಅಂದರೆ ಬೂದಿಮಣ್ಣಿನ ವರ್ಗ. ಅಷ್ಟಿಲ್ಲದಿದ್ದರೆ ಬೇರೆ ವರ್ಗಕ್ಕೆ ಸೇರಿ ಬೂದಿಯ ಹೆಸರು ಬಾಲಂಗೋಚಿಯಾಗಿ ಉಳಿಯುತ್ತದೆ. ಒಂದು ಬೇಸಿಗೆಯಲ್ಲಿ ಒಂದೇ ಇಳಿಜಾರಿನ ಎರಡು ಅಳತೆಪಟ್ಟಿಗಳು ಒಂದಕ್ಕೊಂದು ತಾಳೆಯಾಗಲೇ ಇಲ್ಲ. ಗುಂಡಿ ತೋಡಿದವರ ಪಟ್ಟಿಯಲ್ಲಿ ತೆಳು ಬೂದಿ, ಮಣ್ಣು ಕೊರೆಯುವ ಆಗರ್ ಇಳಿಸಿದ ನನ್ನ ಪಟ್ಟಿಯಲ್ಲಿ ದಪ್ಪ ಬೂದಿ. ಮೂರು ದಿನ ಪರಸ್ಪರ ಕಣ್ಣನ್ನು ಶಂಕಿಸಿದೆವು. ತಪ್ಪು ಕೋನದಲ್ಲಿತ್ತು. ಆಗರನ್ನು ಮನುಷ್ಯ ಸಹಜವಾಗಿ ಲಂಬವಾಗಿ ಇಳಿಸುತ್ತಾನೆ. ಬೂದಿಯ ಹಾಸು ಇಳಿಜಾರಿನ ಜೊತೆ ಓರೆಯಾಗಿ ಮಲಗಿರುತ್ತದೆ. ಶೇ 60ರ ಇಳಿಜಾರೆಂದರೆ ಸುಮಾರು 31 ಡಿಗ್ರಿ. ಅಲ್ಲಿ ಲಂಬವಾಗಿ 40 ಸೆಂಟಿಮೀಟರ್ ಬಂದದ್ದು, ಗುಂಡಿಯವರ ಹಾಗೆ ಇಳಿಜಾರಿನ ಮೈಗೆ 90 ಡಿಗ್ರಿಯಲ್ಲಿ ಅಳೆದರೆ 34 ಮಾತ್ರ. ಆಂಡಿಸಾಲ್ ಹೌದೋ ಅಲ್ಲವೋ ಎಂಬ ಗೆರೆ ಈ ಎರಡರ ನಡುವೆಯೇ ಬೀಳುತ್ತದೆ! ಅಂದಿನಿಂದ ನಮ್ಮ ತಂಡದ ಕಟ್ಟಳೆ ಒಂದೇ: ಟೇಪು ಇಳಿಜಾರಿನ ಮೈಗೆ 90 ಡಿಗ್ರಿ, ಆಗರಿನ ಅಳತೆ ಬರೆದರೆ ಪಕ್ಕದಲ್ಲಿ ಇಳಿಜಾರು ಅಳೆಯುವ ಕ್ಲೈನೋಮೀಟರಿನ ಅಂಕಿ ಕಡ್ಡಾಯ.

ಎಲ್ಲಿ ತೋಡುತ್ತೇವೆ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. ಗಾಳಿಗೆ ಬುಡಮೇಲಾದ ಮರ ತನ್ನ ಬೇರಿನ ಜೊತೆ ಕೆಳಗಿನ ಕಲ್ಲನ್ನೂ ಎತ್ತಿ ಬೂದಿಗೆ ಕಲಸಿಬಿಡುತ್ತದೆ. ಅಲ್ಲಿ ಒಂದು ಹಳ್ಳ, ಪಕ್ಕದಲ್ಲಿ ಒಂದು ದಿಬ್ಬ. ಮರ ಕೊಳೆತು ಶತಮಾನ ಕಳೆದರೂ ಈ ಏರುತಗ್ಗು ಉಳಿಯುತ್ತದೆ, ಮೇಲೆ ಪಾಚಿ ಬೆಳೆದು ಮೋಸ ಮಾಡುತ್ತದೆ. ಬೂದಿಯಲ್ಲಿ ಹರಳುಕಲ್ಲು ಜಾಸ್ತಿ ಕಂಡರೆ ನಾನು ಆ ಗುಂಡಿಯನ್ನು ಬಿಟ್ಟು ಹತ್ತು ಹೆಜ್ಜೆ ಆಚೆ ಹೋಗುತ್ತಿದ್ದೆ. ಇಳಿಜಾರಿನ ಬುಡದಲ್ಲಿ ಸೊಂಟದಾಳದ ಬೂದಿ ಸಿಕ್ಕಿದರೂ ಹಿಗ್ಗಬೇಕಾಗಿಲ್ಲ. ಮೇಲಿನಿಂದ ತೊಳೆದು ಬಂದು ಕೂತದ್ದು ಅದು, ನಡುನಡುವೆ ಗರಸಿನ ಎಳೆಗಳಿರುತ್ತವೆ.

ದಿಕ್ಕಿನ ಆಟ ಇನ್ನೂ ದೊಡ್ಡದು. ಉತ್ತರಕ್ಕೆ ಮುಖ ಮಾಡಿದ ಬದಿಯಲ್ಲಿ ಸೀಡರ್, ಹೆಮ್ಲಾಕ್ ಮರಗಳ ತಂಪು. ಬೂದಿ ಬಿದ್ದಂತೆಯೇ ಇದೆ ಎನಿಸುತ್ತದೆ. ಅದೇ ಬೆಟ್ಟದ ನೆತ್ತಿ ದಾಟಿ ದಕ್ಷಿಣದ ಬದಿಗೆ ಇಳಿದರೆ ಡಗ್ಲಸ್ ಫರ್, ಪಾಂಡೆರೋಸಾ ಪೈನ್, ಒಣ ಹುಲ್ಲು. ಬೂದಿ ಒಂದು ಗೇಣಿಗೂ ಕಡಿಮೆ, ಅದೂ ಕಲ್ಲಿನ ಜೊತೆ ಬೆರಕೆ. ಬಿಸಿಲಿನ ಬದಿ ಹೆಚ್ಚು ಸಲ ಉರಿಯುತ್ತದೆ. ಉರಿದ ಮೇಲೆ ಹೊದಿಕೆ ಹೋಗಿ, ಮಣ್ಣಿನ ಮೈ ನೀರನ್ನು ಒಳಗೆ ಬಿಡದಂತಾಗಿ, ಮುಂದಿನ ಜಡಿಮಳೆಗೆ ಜ್ವಾಲಾಮುಖಿಯ ಬೂದಿ ಹೊಳೆ ಸೇರುತ್ತದೆ. 1910ರ ಆಗಸ್ಟ್ 20 ಮತ್ತು 21ರಂದು ಈ ಸೀಮೆಯಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟಿತು. ದಕ್ಷಿಣದ ಬದಿಯ ಗುಂಡಿಗಳಲ್ಲಿ ಇದ್ದಿಲ ಚೂರು ಸಿಗದಿದ್ದರೆ ನನಗೇ ಆಶ್ಚರ್ಯವಾಗುತ್ತಿತ್ತು.

ಈ ದಪ್ಪಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದರೆ, ಉತ್ತರ ಬೇರಿನಲ್ಲಿದೆ. ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆದು ನೋಡಿದರೆ ಎಳೆಬೇರುಗಳು ಬೂದಿಯಲ್ಲಿ ಜೊಂಪೆಜೊಂಪೆಯಾಗಿ ಹೆಣೆದುಕೊಂಡು, ಕೆಳಪದರ ಮುಟ್ಟುತ್ತಲೇ ಅಡ್ಡ ತಿರುಗಿರುತ್ತವೆ. ಇಲ್ಲಿ ಜುಲೈ, ಆಗಸ್ಟ್ ಒಣ ತಿಂಗಳುಗಳು. ಹಿಮ ಕರಗಿದ ನೀರನ್ನು ಬೇಸಿಗೆಯ ತನಕ ಹಿಡಿದಿಡುವುದು ಈ ಬೂದಿಯೇ. ಹಾಗೆಂದು ಇದು ಎಲ್ಲ ರೀತಿಯಲ್ಲೂ ಫಲವತ್ತಾದ ಮಣ್ಣಲ್ಲ. ರಂಜಕವನ್ನು ಬಿಗಿಹಿಡಿದು ಗಿಡಕ್ಕೆ ಬಿಟ್ಟುಕೊಡಲು ಸತಾಯಿಸುತ್ತದೆ.

ನನ್ನ ಕೈಯಿಂದಲೇ ಆದ ದೊಡ್ಡ ನಷ್ಟ ಒಂದು ಪ್ಲಾಸ್ಟಿಕ್ ಚೀಲದ್ದು. ಒಂದು ವಾರದ ಮಾದರಿಗಳನ್ನು ಬಾಯಿ ಬಿಗಿಯದೆ ಟ್ರಕ್ಕಿನ ಹಿಂದೆ ಬಿಟ್ಟಿದ್ದೆ; ಬಿಸಿಲಿಗೆ ಒಣಗಿ ಬಿಳಿಚಿಕೊಂಡವು. ಮತ್ತೆ ಒದ್ದೆ ಮಾಡಿದರಾಯಿತು ಎಂದುಕೊಂಡೆ. ಆಗಲಿಲ್ಲ. ಬೂದಿಮಣ್ಣಿನ ಅಲೋಫೇನ್ ಒಮ್ಮೆ ಚೆನ್ನಾಗಿ ಒಣಗಿದರೆ ಮೊದಲಿನಷ್ಟು ನೀರನ್ನು ಮತ್ತೆ ಹಿಡಿಯುವುದಿಲ್ಲ. ಆ ಮಾದರಿಗಳಿಂದ ಬಂದ ನೀರಿನ ಅಂಕಿಗಳನ್ನೆಲ್ಲ ಹೊಡೆದು ಹಾಕಿ ಅದೇ ಇಳಿಜಾರನ್ನು ಇನ್ನೊಮ್ಮೆ ಹತ್ತಿದೆ. ಈಗ ಎರಡು ಚೀಲ, ಎರಡು ಗಂಟು, ತಂಪು ಪೆಟ್ಟಿಗೆ.

ಸಾಂದ್ರತೆ ಅಳೆಯುವಾಗಲೂ ಇಂಥದೇ ಸೂಕ್ಷ್ಮ. ಮುಟ್ಟದ ಬೂದಿ ಘನ ಸೆಂಟಿಮೀಟರಿಗೆ 0.7 ಗ್ರಾಂ ಆಸುಪಾಸು ತೂಗುತ್ತದೆ, ನೀರಿಗಿಂತ ಹಗುರ. ಲೋಹದ ಉಂಗುರವನ್ನು ಸುತ್ತಿಗೆಯಿಂದ ಬಡಿದರೆ ಬಡಿತಕ್ಕೇ ಕುಗ್ಗಿ ಸುಳ್ಳು ಅಂಕಿ ಕೊಡುತ್ತದೆ. ಅಂಗೈಯಲ್ಲಿ ಒತ್ತಿ ಇಳಿಸಬೇಕು. ನನ್ನ ಬೂಟಿನ ಗುರುತೇ ಅಲ್ಲಿ ಉಳಿಯುತ್ತಿತ್ತು ಎಂದ ಮೇಲೆ ಮರ ಎಳೆಯುವ ಯಂತ್ರದ ಜಾಡನ್ನು ಕೇಳಬೇಕೇ? ನಾಲ್ಕಾರು ಸಲ ಓಡಾಡಿದರೆ ಸಾಕು, ಬಹುಪಾಲು ಕೆಡುಕು ಮುಗಿದಿರುತ್ತದೆ, ಹಳೆಯ ಸಡಿಲತೆ ಮರಳಲು ದಶಕಗಳು ಬೇಕು. ನೆಲ ಒಣಗಿರುವಾಗ ಅಥವಾ ಹೆಪ್ಪುಗಟ್ಟಿರುವಾಗ ಮಾತ್ರ ಯಂತ್ರ ಇಳಿಸಬೇಕೆಂದು ವರದಿಗಳಲ್ಲಿ ನಾನು ಪ್ರತಿಸಲವೂ ಬರೆದೆ.

ಗುಂಡಿ ತೋಡುವಾಗ ಎರಡು ಟಾರ್ಪಾಲು ಹಾಸುತ್ತೇನೆ, ಮೇಲಿನ ಬೂದಿಗೊಂದು, ಕೆಳಗಿನ ಕಲ್ಲಿಗೊಂದು. ಮುಚ್ಚುವಾಗ ಕಲ್ಲು ಮೊದಲು, ಬೂದಿ ಆಮೇಲೆ, ತುಳಿಯದೆ. ಆದರೂ ತೋಡಿ ತೆಗೆದ ಬೂದಿ ಗುಂಡಿಯನ್ನು ಬಾಯಿಯವರೆಗೆ ತುಂಬಿದ್ದು ನನಗೆ ನೆನಪಿಲ್ಲ. ನಾಲ್ಕು ಬೆರಳಿನಷ್ಟು ತಗ್ಗು ಉಳಿದೇ ಉಳಿಯುತ್ತದೆ, ಅದರ ಮೇಲೆ ಸೂಜಿಎಲೆ ಹರವಿ ಮುಂದಿನ ಗುರುತಿನ ಕಡೆ ಹತ್ತುತ್ತೇನೆ.